ಜೋಡಿ ಕಟ್ಟುವುದು ಬೇರೆ, ಪಟ್ಟಿ ಬರೆಯುವುದು ಬೇರೆ

ಧನಗೆರೆಯಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಪಕ್ಕದಲ್ಲಿ ಇಬ್ಬರು ಹುಡುಗರು ಜಗಳವಾಡುತ್ತಿದ್ದರು. ಒಬ್ಬ ಮೊಬೈಲು ಮುಂದಕ್ಕೆ ಹಿಡಿದು ಬಿಜಿಎಂಐ ಆಟದಲ್ಲಿ ತಾನು ಕ್ರೌನ್ ದರ್ಜೆ ಮುಟ್ಟಿದ್ದನ್ನು ತೋರಿಸುತ್ತಿದ್ದ. ಇನ್ನೊಬ್ಬ ಅದನ್ನು ಸರಿಯಾಗಿ ನೋಡಲೂ ಇಲ್ಲ. "ಮೂರ್ ಜನ ಸೇರ್ಕಂಡು ನಿನ್ನ ಎತ್ಕಂಡೋಗಿ ಕ್ರೌನ್‌ನಲ್ಲಿ ಕೂರ್ಸವ್ರೆ ಕಣ್ಲಾ. ಒಬ್ನೇ ಆಡ್ಬುಟ್ಟು ಬಾ, ಆಮೇಲ್ ಮಾತಾಡವ" ಅಂದ. ಮೊದಲನೆಯವನು ಬಿಡಲಿಲ್ಲ. "ಒಬ್ನೇ ಆಡೋನು ಪೊದೆ ಒಳ್ಗೆ ಮಲ್ಕಂಡೇ ರ‍್ಯಾಂಕ್ ಪುಶ್ ಮಾಡ್ತಾನೆ. ಅದೇನ್ ದೊಡ್ ಆಟ್ವಾ?" ಬಸ್ಸು ಬಂತು, ಜಗಳವೂ ಬಸ್ಸು ಹತ್ತಿತು. ಕೊಳ್ಳೇಗಾಲ ಬಂದರೂ ಇತ್ಯರ್ಥವಾಗಲಿಲ್ಲ.

ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಒಂಟಿಯಾಗಿ ಉಳಿಯುವುದು ಒಂದು ವಿದ್ಯೆ, ಮೂವರ ಜೊತೆ ಹೊಂದಿಕೊಂಡು ಗೆಲ್ಲುವುದು ಇನ್ನೊಂದು. ಎರಡನ್ನೂ ಒಂದೇ ಅಂಕದಲ್ಲಿ ಅಳೆಯಹೋದರೆ ಜಗಳ ತಪ್ಪಿದ್ದಲ್ಲ. ಹಾಗಾದರೆ ಸೋಲೋ, ಡ್ಯುಯೋ, ಸ್ಕ್ವಾಡ್ ಎಂದು ಆಟಕ್ಕೆ ಕಾಯುವ ಎಷ್ಟು ಬಗೆಯ ಸರದಿಗಳಿವೆಯೋ ಅಷ್ಟು ಬಗೆಯ ಪಟ್ಟಿಗಳನ್ನೂ ಇಡಬೇಕೆ? ಕೇಳಲು ಸುಲಭವಾದ ಈ ಪ್ರಶ್ನೆಗೆ ದೊಡ್ಡ ದೊಡ್ಡ ಕಂಪನಿಗಳು ಒಮ್ಮೆ ಹೌದು, ಒಮ್ಮೆ ಇಲ್ಲ ಎನ್ನುತ್ತ ಬಂದಿವೆ. ಅವರ ಉತ್ತರಗಳನ್ನು ನೋಡುವ ಮೊದಲು ನಮ್ಮ ಸೀಮೆಯ ಗರಡಿಯನ್ನು ಒಮ್ಮೆ ಹೊಕ್ಕು ಬರುವುದು ಒಳ್ಳೆಯದು. ಯಾಕೆಂದರೆ ಮ್ಯಾಚ್‌ಮೇಕಿಂಗ್ ಅನ್ನುವ, ಎದುರಾಳಿಗಳನ್ನು ಹೊಂದಿಸುವ ಕೆಲಸಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ: ಜೋಡಿ ಕಟ್ಟುವುದು.

ಮೈಸೂರು ದಸರಾ ಕುಸ್ತಿಗೆ ಮುಂಚೆ ಈ ಕೆಲಸ ನಡೆಯುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ಪೈಲ್ವಾನರು ತಂತಮ್ಮ ಗರಡಿಯ ಹಿರಿಯರೊಡನೆ ಬಂದು ಸೇರುತ್ತಾರೆ. ತೂಕ ನೋಡುತ್ತಾರೆ. ಆದರೆ ತೂಕವೊಂದನ್ನೇ ನೋಡುವುದಿಲ್ಲ. ಯಾವ ಗರಡಿ, ಉಸ್ತಾದರು ಯಾರು, ಹೋದ ವರ್ಷ ಯಾರ ಮೇಲೆ ಬಿದ್ದಿದ್ದ, ಮೈಕಟ್ಟು ಹೇಗಿದೆ, ಇವೆಲ್ಲ ಬಲ್ಲವರ ಕಣ್ಣಲ್ಲೇ ಅಳತೆಯಾಗುತ್ತವೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ ಒಪ್ಪಿಗೆಯೇ ಎಂದು ಕೇಳುತ್ತಾರೆ. ಒಪ್ಪದಿದ್ದರೆ ಬೇರೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಜೋಡಿ ಸರಿಯಾಗಿ ಕೂಡದಿದ್ದರೆ ಮಟ್ಟಿಯ ಸುತ್ತ ಕೂತ ಜನ ಮೊದಲ ಪಟ್ಟು ಹಾಕುವಷ್ಟರಲ್ಲೇ ಎದ್ದು ಹೋಗುತ್ತಾರೆಂಬ ಭಯ ಕಟ್ಟುವವರಿಗೆ ಸದಾ ಇರುತ್ತದೆ.

ಇದೇ ದಸರೆಯಲ್ಲಿ ಬಿರುದುಗಳ ಕುಸ್ತಿಯೂ ಇದೆ. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ. ಮಣ್ಣಿನ ಮೇಲೆ ಆಡುವ ನಾಡಕುಸ್ತಿ ಒಂದು, ಮ್ಯಾಟ್ ಮೇಲೆ ಆಡುವ ಪಾಯಿಂಟ್ ಕುಸ್ತಿ ಇನ್ನೊಂದು. ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ ಮಾಡುವವನು ಮ್ಯಾಟಿನ ಮೇಲೆ ಅಂಕ ಕೂಡಿಸುವುದರಲ್ಲಿ ಹಿಂದೆ ಬೀಳಬಹುದು. ಗರಡಿಯವರು ಇವೆರಡನ್ನು ಎಂದೂ ಒಂದೇ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಗಮನಿಸಬೇಕಾದ್ದು ಏನೆಂದರೆ, ಜೋಡಿ ಕಟ್ಟುವವರು ಯಾರು ದೊಡ್ಡವನು ಎಂದು ಸಾರುವುದಿಲ್ಲ, ಬಿರುದು ಕೊಡುವವರು ಯಾರ ಮೇಲೆ ಯಾರು ಬೀಳಬೇಕು ಎಂದು ನಿರ್ಧರಿಸುವುದಿಲ್ಲ. ಕೆಲಸ ಎರಡು, ಕಣ್ಣೂ ಎರಡು.

ಅನೇಕ ಮೊಬೈಲ್ ಆಟಗಳಲ್ಲಿ ಈ ಎರಡು ಕೆಲಸಗಳನ್ನೂ ಒಂದೇ ಅಂಕಕ್ಕೆ ಗಂಟು ಹಾಕಿದರು. ತೊಡಕು ಶುರುವಾದದ್ದು ಅಲ್ಲಿಂದ.

ಆ ಅಂಕದ ಮೂಲ ಚದುರಂಗದಲ್ಲಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ರೂಪಿಸಿದ ಲೆಕ್ಕವನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಮೇಲಿನವನು ನೂರಕ್ಕೆ ಸುಮಾರು 76 ಪಾಲು ಗಳಿಸಬೇಕು ಎನ್ನುವುದು ಅದರ ನಿರೀಕ್ಷೆ. ಗಳಿಸಿದರೆ ಅಂಕ ಅಲ್ಲೇ ನಿಲ್ಲುತ್ತದೆ, ಹೆಚ್ಚು ಗೆದ್ದರೆ ಏರುತ್ತದೆ, ಎಡವಿದರೆ ಇಳಿಯುತ್ತದೆ. ಇಂದು ಅನೇಕ ಆನ್‌ಲೈನ್ ಆಟಗಳ ರ‍್ಯಾಂಕ್ ತೆಗೆದುಕೊಂಡರೆ ಅದರ ಅಡಿಪಾಯದಲ್ಲಿ ಈ ಲೆಕ್ಕವೋ ಇದರ ಮಕ್ಕಳು ಮರಿಗಳೋ ಇರುತ್ತವೆ.

ಚೆಸ್‌ನವರು ಬಹುಕಾಲ ಒಂದೇ ಪಟ್ಟಿ ಇಟ್ಟುಕೊಂಡಿದ್ದರು. 2012ರಲ್ಲಿ ಫಿಡೆ ರ‍್ಯಾಪಿಡ್‌ಗೆ, ಬ್ಲಿಟ್ಜ್‌ಗೆ ಬೇರೆ ಬೇರೆ ರೇಟಿಂಗ್ ತಂದಿತು. ಕ್ಲಾಸಿಕಲ್‌ನಲ್ಲಿ ಗಂಟೆಗಟ್ಟಲೆ ಯೋಚಿಸುವವನ ತಲೆ ಬೇರೆ, ಬ್ಲಿಟ್ಜ್‌ನಲ್ಲಿ ಮೂರು ನಿಮಿಷದಲ್ಲಿ ಆಟ ಮುಗಿಸುವವನ ಕೈ ಬೇರೆ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಗುಕೇಶ್ ಅವರ ಬ್ಲಿಟ್ಜ್ ಅಂಕ ಆಗ ಅವರ ಕ್ಲಾಸಿಕಲ್ ಅಂಕಕ್ಕಿಂತ ಬಹಳ ಕೆಳಗಿತ್ತು. ಒಂದೇ ಪಟ್ಟಿ ಇದ್ದಿದ್ದರೆ ಎರಡರಲ್ಲಿ ಒಂದು ಸತ್ಯ ಮುಚ್ಚಿಹೋಗುತ್ತಿತ್ತು. ಆದರೂ ಮೂರು ಪಟ್ಟಿಗಳಿಗೆ ಸಮನಾದ ತೂಕವಿಲ್ಲ. ಮೈಸೂರಿನ ಎಂ. ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು ಕ್ಲಾಸಿಕಲ್ ಪಟ್ಟಿಯಲ್ಲಿ 2500 ದಾಟಿ. ಬ್ಲಿಟ್ಜ್‌ನಲ್ಲಿ ಎಷ್ಟೇ ಏರಿದರೂ ಆ ಬಿರುದು ಸಿಗುವುದಿಲ್ಲ. ಪಟ್ಟಿಗಳನ್ನು ಬೇರೆ ಮಾಡಿದ ಮೇಲೆ ಯಾವುದು ಯಾವುದಕ್ಕೆ ಕೆಲಸಕ್ಕೆ ಬರುತ್ತದೆ ಎಂದು ಹೇಳುವುದೂ ಮಾಡಿದವರದೇ ಹೊಣೆ. ಚೆಸ್‌ನವರು ಅದನ್ನು ಹೇಳಿದ್ದಾರೆ, ಮೊಬೈಲ್ ಆಟದವರು ಬಹುಮಟ್ಟಿಗೆ ಹೇಳುವುದಿಲ್ಲ.

ಬೇರೆ ಪಟ್ಟಿ ಯಾಕೆ ಬೇಕು ಅನ್ನುವವರಿಗೆ ನಾನು ಕೊಡುವ ಉದಾಹರಣೆ ಕೊಡಗಿನ ರೋಹನ್ ಬೋಪಣ್ಣ. ಟೆನಿಸ್ ಸಿಂಗಲ್ಸ್‌ನಲ್ಲಿ ಅವರು ಏರಿದ ಅತಿ ಎತ್ತರದ ಸ್ಥಾನ 213. ಅದೊಂದೇ ಪಟ್ಟಿ ಇದ್ದಿದ್ದರೆ ಬೋಪಣ್ಣ ಎಂಬ ಆಟಗಾರ ಇದ್ದರೆಂದು ಮಡಿಕೇರಿಯ ಹೊರಗೆ ಹೆಚ್ಚು ಜನಕ್ಕೆ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಅವರು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ಜಗತ್ತಿನ ಮೊದಲನೆಯವರಾದರು. ಬ್ಯಾಡ್ಮಿಂಟನ್‌ನ ಅಶ್ವಿನಿ ಪೊನ್ನಪ್ಪ ಅವರದೂ ಇದೇ ಕತೆ. 2011ರ ವಿಶ್ವ ಚಾಂಪಿಯನ್‌ಷಿಪ್ ಕಂಚು ಬಂದದ್ದು ಜ್ವಾಲಾ ಗುಟ್ಟಾ ಜೊತೆಗೂಡಿ ಆಡಿದ ಡಬಲ್ಸ್‌ನಲ್ಲಿ.

ಟೆನಿಸ್‌ನವರ ಇನ್ನೊಂದು ಜಾಣತನ ನಮ್ಮ ಹುಡುಗರ ಜಗಳಕ್ಕೆ ನೇರವಾಗಿ ತಾಗುತ್ತದೆ. ಡಬಲ್ಸ್ ಆಡುವುದು ಇಬ್ಬರು, ಆದರೆ ಡಬಲ್ಸ್ ರ‍್ಯಾಂಕಿಂಗ್ ಒಬ್ಬೊಬ್ಬರ ಹೆಸರಿನಲ್ಲಿ ಇರುತ್ತದೆ. ಜೊತೆಗಾರ ಬದಲಾದರೂ ಅಂಕ ಆಟಗಾರನ ಬೆನ್ನಿಗೇ ಉಳಿಯುತ್ತದೆ. ವರ್ಷದ ಕೊನೆಯ ಎಟಿಪಿ ಫೈನಲ್ಸ್‌ಗೆ ಅರ್ಹರಾಗುವಾಗ ಮಾತ್ರ ಜೋಡಿಯ ಲೆಕ್ಕ, ಇಬ್ಬರೂ ಸೇರಿ ಗಳಿಸಿದ್ದು ಎಷ್ಟು ಅನ್ನುವುದು. ಅದೇ ಪಂದ್ಯಗಳಿಂದ ಹುಟ್ಟಿದ ಎರಡು ಪಟ್ಟಿಗಳು, ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಎತ್ಕಂಡೋಗಿ ಕೂರಿಸಿದರೋ ಇವನೇ ಏರಿದನೋ ಎಂಬ ಅನುಮಾನ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಪಟ್ಟಿಗಳನ್ನು ಕಲಸಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ 2020ರಲ್ಲಿ ಕಂಡಿತು. ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಜೊತೆ 142.50 ಮೀಟರ್ ಉದ್ದದ ಓಟದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು. ಉಸೇನ್ ಬೋಲ್ಟ್ ದಾಖಲೆ 9.58. ದೇಶವೆಲ್ಲ ಕುಣಿಯಿತು, ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಕೋಣದ ಎಳೆತವಿರುವ ಕೆಸರುಗದ್ದೆಯ ಓಟವನ್ನು, ನಿಂತಲ್ಲಿಂದ ಹೊರಡುವ ಸಿಂಥೆಟಿಕ್ ಟ್ರ್ಯಾಕಿನ ಓಟದ ಪಟ್ಟಿಗೆ ಸೇರಿಸಬಾರದೆಂದು ಮೊದಲು ಗೊತ್ತಿದ್ದವರು ಸ್ವತಃ ಓಡಿದವರೇ, ಅವರು ಹೋಗಲಿಲ್ಲ. ಕಂಬಳದವರಿಗೆ ಈ ವಿವೇಕ ಹೊಸದೇನಲ್ಲ. ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗ ಮಾಡಿ, ಪ್ರತಿ ವಿಭಾಗಕ್ಕೂ ಬೇರೆ ಬಹುಮಾನ ಇಡುತ್ತಾರೆ. ಕನೆಹಲಗೆಯಲ್ಲಂತೂ ವೇಗದ ಮಾತೇ ಇಲ್ಲ, ನೀರು ನಿಶಾನೆಯ ಎತ್ತರಕ್ಕೆ ಚಿಮ್ಮಿತೇ ಎಂಬುದಷ್ಟೇ ಲೆಕ್ಕ.

ಇಷ್ಟು ಹೇಳಿದ ಮೇಲೆ ಎಲ್ಲ ಸರದಿಗೂ ಒಂದೊಂದು ಪಟ್ಟಿ ಇಟ್ಟುಬಿಡಿ ಎನ್ನುವುದು ಸುಲಭ. ಕಂಪನಿಗಳೂ ಹಾಗೆಂದುಕೊಂಡು ಕೈ ಸುಟ್ಟುಕೊಂಡಿವೆ, ಹಾಗೆಂದುಕೊಳ್ಳದೆಯೂ ಸುಟ್ಟುಕೊಂಡಿವೆ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟ 2016ರಲ್ಲಿ ಒಂಟಿಯವರನ್ನೂ ಗುಂಪಿನವರನ್ನೂ ಒಂದೇ ಸರದಿಗೆ ತಂದಿತು. ಒಂಟಿಯಾಗಿ ಬೆವರು ಹರಿಸಿದವರು ತಮ್ಮ ರ‍್ಯಾಂಕಿಗೆ ಬೆಲೆಯೇ ಇಲ್ಲವಾಯಿತೆಂದು ಕೂಗಾಡಿದರು. ಮರುವರ್ಷ ಒಂಟಿ ಮತ್ತು ಇಬ್ಬರದು ಒಂದು ಸರದಿ, ಗುಂಪಿನವರದು ಫ್ಲೆಕ್ಸ್ ಎಂಬ ಇನ್ನೊಂದು ಸರದಿ, ಎರಡಕ್ಕೂ ಬೇರೆ ರ‍್ಯಾಂಕ್ ಎಂದು ವಾಪಸ್ಸು ಹೋಯಿತು. ಡೋಟಾ 2 ಒಂಟಿಗೂ ಗುಂಪಿಗೂ ಬೇರೆ ಅಂಕ ಇಟ್ಟಿತ್ತು, ಆಮೇಲೆ ಪಾತ್ರದ ಪ್ರಕಾರ ಬೇರೆ ಮಾಡಿತು, ಕೊನೆಗೆ ಮತ್ತೆ ಒಂದೇ ಅಂಕಕ್ಕೆ ಬಂತು. ಓವರ್‌ವಾಚ್ 2019ರಲ್ಲಿ ತಡೆಯುವವನು, ಹೊಡೆಯುವವನು, ನೆರವಾಗುವವನು ಎಂದು ಮೂರು ಸರದಿ ಮಾಡಿ ಮೂರಕ್ಕೂ ಪ್ರತ್ಯೇಕ ಅಂಕ ಕೊಟ್ಟಿತು. ಎಲ್ಲರಿಗೂ ಹೊಡೆಯುವುದೇ ಬೇಕಿತ್ತು. ಆ ಸರದಿ ಉದ್ದವಾಯಿತು, ಉಳಿದೆರಡರಲ್ಲಿ ಆಳಿಲ್ಲ. ವ್ಯಾಲರಂಟ್ ಇನ್ನೊಂದು ದಾರಿ ಹಿಡಿಯಿತು: ರ‍್ಯಾಂಕ್ ಆಟಕ್ಕೆ ನಾಲ್ವರ ಗುಂಪು ಬರುವಂತೆಯೇ ಇಲ್ಲ. ನಾಲ್ವರ ಮಧ್ಯೆ ಸಿಕ್ಕಿಕೊಳ್ಳುವ ಐದನೆಯವನ ಪಾಡು ಮದುವೆ ಮನೆಯಲ್ಲಿ ಯಾರ ಕಡೆಯವರೂ ಅಲ್ಲದೆ ಬಂದವನ ಪಾಡಿನಂತಿರುತ್ತದೆ ಎಂಬುದು ಅವರಿಗೆ ಹೊಳೆದಿತ್ತು.

ಈ ಹಿಂದುಮುಂದಿಗೆ ಕಾರಣ ಒಂದು ಚಿಕ್ಕ ಗುಣಾಕಾರದಲ್ಲಿದೆ. ಲೆಕ್ಕಕ್ಕೆ ಹಿಡಿಯೋಣ: ರಾತ್ರಿ ಒಂಬತ್ತಕ್ಕೆ 1,800 ಜನ ಆಟಕ್ಕೆ ಕಾಯುತ್ತಿದ್ದಾರೆ. ಸೋಲೋ, ಡ್ಯುಯೋ, ಸ್ಕ್ವಾಡ್ ಎಂದು ಮೂರು ಭಾಗ. ಬೆನ್ನ ಹಿಂದಿನಿಂದ ನೋಡುವ ಟಿಪಿಪಿ, ಕಣ್ಣಿಂದಲೇ ನೋಡುವ ಎಫ್‌ಪಿಪಿ ಎಂದು ಪ್ರತಿಯೊಂದೂ ಎರಡು. ಮೂರು ಮ್ಯಾಪುಗಳ ಆಯ್ಕೆ ಕೊಟ್ಟರೆ ಒಟ್ಟು 18 ಸರದಿ, ಒಂದೊಂದರಲ್ಲಿ ಸರಾಸರಿ ನೂರೇ ಜನ. ಒಂದು ಪಂದ್ಯಕ್ಕೆ ಬೇಕಾದವರೂ ನೂರು. ಅಂದರೆ ನಿನ್ನೆ ಮೊಬೈಲು ತಂದವನೂ ಮೂರು ವರ್ಷ ಪಳಗಿದವನೂ ಒಂದೇ ಕಣಕ್ಕೆ. ಆರಿಸಿ ಜೋಡಿ ಕಟ್ಟುವ ಪ್ರಶ್ನೆಯೇ ಉಳಿಯಲಿಲ್ಲ. ನೂರಕ್ಕೆ ಎಂಬತ್ತೇ ಜನ ಸಿಕ್ಕರೆ ಉಳಿದ ಜಾಗಕ್ಕೆ ಯಂತ್ರವೇ ಆಡಿಸುವ ಬಾಟ್‌ಗಳನ್ನು ತುಂಬುತ್ತಾರೆ. ಬಾಟ್ ಹೊಡೆದು ಬಂದ ಅಂಕವನ್ನು ಪಟ್ಟಿಯ ಮೇಲೆ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೇನು.

ಹಾಗಾಗಿ ಸರದಿ, ಅಂಕ, ಪಟ್ಟಿ ಈ ಮೂರನ್ನೂ ಬಿಡಿಸಿ ನೋಡಬೇಕು. ಸರದಿ ಎಂದರೆ ಯಾರ ಜೊತೆ ನಿಂತು ಕಾಯುತ್ತೇವೆ ಅನ್ನುವುದು. ಅಂಕ ಎಂದರೆ ಯಂತ್ರ ನಮ್ಮನ್ನು ಹೇಗೆ ಅಳೆದಿದೆ ಅನ್ನುವುದು. ಪಟ್ಟಿ ಎಂದರೆ ಊರಿಗೆ ತೋರಿಸುವುದು. ಸರದಿಯನ್ನು ಒಡೆದರೆ ಕಾಯುವವರಿಗೆ ನಷ್ಟ, ಪಟ್ಟಿಯನ್ನು ಒಡೆದರೆ ಯಾರಿಗೂ ನಷ್ಟವಿಲ್ಲ. ಫಿಡೆಯ ಮಹಿಳೆಯರ ಪಟ್ಟಿಯನ್ನೇ ನೋಡಿ. ಚೆಸ್ ಆಟಗಾರ್ತಿ ಕೊನೇರು ಹಂಪಿ ಅವರ ಕ್ಲಾಸಿಕಲ್ ಅಂಕ ಒಂದೇ, ಅದು ಗಂಡಸರೂ ಇರುವ ಮುಕ್ತ ಪಂದ್ಯಗಳಿಂದಲೂ ಬಂದದ್ದು. ಅದೇ ಅಂಕ ಎಲ್ಲರ ಪಟ್ಟಿಯಲ್ಲೂ ಇದೆ, ಮಹಿಳೆಯರ ಪಟ್ಟಿಯಲ್ಲೂ ಇದೆ. ಪಟ್ಟಿ ಎರಡಾದ ಮಾತ್ರಕ್ಕೆ ಯಾರ ಕಾಯುವಿಕೆಯೂ ಉದ್ದವಾಗಲಿಲ್ಲ.

ಸರದಿಯನ್ನೇ ಒಡೆಯಬೇಕಾದ ಸಂದರ್ಭಗಳೂ ಇವೆ, ಆದರೆ ಕಡಿಮೆ. ಪಬ್ಜಿ ಮೊಬೈಲ್‌ನಲ್ಲಿ ಕಂಪ್ಯೂಟರಿಗೆ ಎಮ್ಯುಲೇಟರ್ ಹಾಕಿಕೊಂಡು ಮೌಸ್ ಹಿಡಿದು ಆಡುವವರನ್ನು ಮೊಬೈಲಿನವರಿಂದ ಬೇರೆ ಮಾಡಿದ್ದು ಅಂಥದ್ದು. ಗುಂಪಿನಲ್ಲಿ ಒಬ್ಬ ಎಮ್ಯುಲೇಟರ್‌ನಲ್ಲಿದ್ದರೂ ಇಡೀ ಗುಂಪು ಆ ಸರದಿಗೇ ಹೋಗಬೇಕು. ಹೆಬ್ಬೆರಳಿಗೂ ಮೌಸಿಗೂ ಜೋಡಿ ಕಟ್ಟುವುದು ನ್ಯಾಯವಲ್ಲ. ಆಯುಧವೇ ಬೇರೆಯಾದಾಗ ಸರದಿ ಬೇರೆಯಾಗಲಿ. ಅಭಿರುಚಿ ಬೇರೆಯಾದಾಗ ಪಟ್ಟಿ ಬೇರೆಯಾದರೆ ಸಾಕು.

ಅಂಕದ ವಿಷಯ ಇನ್ನೂ ಸೂಕ್ಷ್ಮ. ಪ್ರತಿ ಸರದಿಗೂ ಹೊಸ ಅಂಕ ಕೊಟ್ಟರೆ ಸ್ಕ್ವಾಡ್‌ನಲ್ಲಿ ಪಳಗಿದ ಹುಲಿ ಸೋಲೋಗೆ ಬಂದ ಮೊದಲ ದಿನ ಕುರಿಮಂದೆಯ ಮಧ್ಯೆ ಇಳಿಯುತ್ತದೆ. ಗರಡಿಯವರು ಇದನ್ನು ಬಿಡುತ್ತಾರೆಯೇ? ಊರಿಗೆ ಹೊಸಬನಾದರೂ ಹಿಂದೆ ಎಲ್ಲಿ ಕುಸ್ತಿ ಆಡಿದ್ದೆ ಎಂದು ಕೇಳಿಯೇ ಜೋಡಿ ಕಟ್ಟುತ್ತಾರೆ. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ಗಾಗಿ ಟ್ರೂಸ್ಕಿಲ್ ಎಂಬ ಲೆಕ್ಕ ಮಾಡಿತ್ತು. ತಂಡದ ಸೋಲುಗೆಲುವಿನಿಂದ ಒಬ್ಬೊಬ್ಬನ ಬಲವನ್ನು ಊಹಿಸುವುದು ಅದರ ಹೆಚ್ಚುಗಾರಿಕೆ. 2018ರ ಟ್ರೂಸ್ಕಿಲ್ 2ರಲ್ಲಿ ಎರಡು ಸಂಗತಿ ಸೇರಿದವು: ಗೆಳೆಯರ ಗುಂಪು ಕಟ್ಟಿಕೊಂಡು ಬಂದರೆ ಸಿಗುವ ಅನುಕೂಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಒಂದು ಬಗೆಯ ಆಟದಲ್ಲಿ ಕಂಡ ಬಲದಿಂದ ಇನ್ನೊಂದು ಬಗೆಯಲ್ಲಿನ ಬಲವನ್ನು ಅಂದಾಜು ಮಾಡುವುದು. ಮೂರ್ ಜನ ಎತ್ಕಂಡೋದ್ರು ಎಂದು ಧನಗೆರೆಯ ಹುಡುಗ ಹೇಳಿದ್ದನ್ನೇ ಗಣಿತಜ್ಞರು ಸೂತ್ರದಲ್ಲಿ ಬರೆದಿದ್ದರು.

ಚಿಕ್ಕ ಗುಂಪಿಗೆ ಬೇರೆ ಅಂಕ ಇಡುವುದರ ಕಾಯಿಲೆ ಇನ್ನೊಂದಿದೆ. ಎಲೋ ಅಂಕ ಯಾವಾಗಲೂ ಸಾಪೇಕ್ಷ. ಒಂದು ಗುಂಪಿನವರು ತಮ್ಮತಮ್ಮಲ್ಲೇ ಆಡುತ್ತಿದ್ದರೆ, ಎಲ್ಲರೂ ಬಲಿಷ್ಠರಾದರೂ ಅಂಕ ಏರುವುದಿಲ್ಲ. ಒಬ್ಬನಿಗೆ ಬಂದದ್ದು ಇನ್ನೊಬ್ಬನಿಂದ ಹೋದದ್ದೇ. ಭಾರತದ ಚೆಸ್ ಮಕ್ಕಳ ವಿಷಯದಲ್ಲಿ ಇದು ನಿಜವಾಗಿತ್ತು. 1400 ಅಂಕದ ಹುಡುಗನೆಂದು ಸಸಾರ ಮಾಡಿದ ವಿದೇಶಿಯರು ಸೋತು ಏಳುತ್ತಿದ್ದರು. 2024ರ ಮಾರ್ಚ್‌ನಲ್ಲಿ ಫಿಡೆ 2000ಕ್ಕಿಂತ ಕೆಳಗಿನವರ ಅಂಕಗಳನ್ನು ಒಂದೇ ಸಲ ಮೇಲಕ್ಕೆತ್ತಿ, ಕನಿಷ್ಠ ಅಂಕವನ್ನು 1000ದಿಂದ 1400ಕ್ಕೆ ಏರಿಸಬೇಕಾಯಿತು. ಹನೂರಿಗೊಂದು, ಯಳಂದೂರಿಗೊಂದು ಎಂದು ಬೇರೆ ಅಂಕ ಇಟ್ಟರೆ ಹನೂರಿನ 1500ಕ್ಕೂ ಯಳಂದೂರಿನ 1500ಕ್ಕೂ ಸಂಬಂಧವೇ ಇರುವುದಿಲ್ಲ. ತಾಲ್ಲೂಕು ಪಟ್ಟಿ ಬೇಕಿದ್ದರೆ ಇಡಿ, ನನಗೂ ಇಷ್ಟವೇ. ಆದರೆ ಅದು ದೊಡ್ಡ ಪಟ್ಟಿಯಿಂದ ನಮ್ಮ ತಾಲ್ಲೂಕಿನವರನ್ನು ಸೋಸಿ ತೆಗೆದದ್ದಾಗಿರಲಿ. ಚೀನಾದ ಆನರ್ ಆಫ್ ಕಿಂಗ್ಸ್ ಆಟದಲ್ಲಿ ಜಿಲ್ಲೆ, ನಗರ, ಪ್ರಾಂತ್ಯದ ಮಟ್ಟದಲ್ಲಿ ಬಿರುದುಗಳಿವೆ. ಪೈಪೋಟಿ ಕಡಿಮೆ ಇರುವ ದೂರದ ಊರಿನಲ್ಲಿ ತಾವಿದ್ದೇವೆಂದು ಫೋನಿನಿಂದ ಸುಳ್ಳು ಹೇಳಿಸಿ ಬಿರುದು ಹೊಡೆದವರೂ ಅಲ್ಲಿ ಹುಟ್ಟಿಕೊಂಡರು. ನಮ್ಮ ಬೆಟ್ಟದ ತಪ್ಪಲಿನಲ್ಲಿ ಸಿಗ್ನಲ್ಲೇ ಸಿಗದ ಹಳ್ಳಿಯ ಹೆಸರಿನಲ್ಲಿ ಬೆಂಗಳೂರಿನವನೊಬ್ಬ ಚಾಂಪಿಯನ್ ಆಗುವುದನ್ನು ನೆನೆದರೆ ನಗು ಬರುತ್ತದೆ.

ಪಟ್ಟಿಯ ಮೇಲೆ ಹತ್ತಿ ಕೂತು ಆಮೇಲೆ ಆಡದವರನ್ನು ಏನು ಮಾಡುವುದು ಎಂಬುದಕ್ಕೆ ಉತ್ತರ ಸರಳ. ಇಷ್ಟು ಪಂದ್ಯ ಆಡದೆ ಹೆಸರು ಹಾಕಬಾರದು, ಇಷ್ಟು ದಿನ ಆಡದಿದ್ದರೆ ಹೆಸರು ತೆಗೆಯಬೇಕು. ಫಿಡೆ ವರ್ಷವಿಡೀ ಆಡದವರನ್ನು ನಿಷ್ಕ್ರಿಯರೆಂದು ಗುರುತಿಸುತ್ತದೆ, ಅಂಕ ಕಿತ್ತುಕೊಳ್ಳುವುದಿಲ್ಲ. ಆಡದಿದ್ದರೆ ಅಂಕವನ್ನೇ ಕರಗಿಸುವ ಮೊಬೈಲ್ ಆಟಗಳಿಗಿಂತ ಇದು ಮರ್ಯಾದೆಯ ಪದ್ಧತಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ಎರಡು ತಿಂಗಳು ಮೊಬೈಲು ಅಪ್ಪನ ಕೈಗೆ ಕೊಟ್ಟ ಹುಡುಗನಿಗೆ ಶಿಕ್ಷೆ ಯಾಕೆ?

ಇದೆಲ್ಲ ಮಕ್ಕಳಾಟದ ಮಾತೆಂದು ತಳ್ಳಿಹಾಕುವ ಕಾಲ ಮುಗಿದಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯ ದಾರಿ ತೆರೆಯಿತು. ಮಾನ್ಯತೆ ಎಂದಮೇಲೆ ಆಯ್ಕೆ ಬರುತ್ತದೆ, ಆಯ್ಕೆ ಎಂದಮೇಲೆ ಪಟ್ಟಿ ಬರುತ್ತದೆ. ಐದು ಜನರ ತಂಡ ಆರಿಸುವಾಗ ಒಂಟಿ ಸರದಿಯ ಮೊದಲ ಐವರನ್ನು ತಂದು ನಿಲ್ಲಿಸಿದರೆ, ಸಿಂಗಲ್ಸ್ ಪಟ್ಟಿ ನೋಡಿ ಬೋಪಣ್ಣನನ್ನು ಮನೆಗೆ ಕಳಿಸಿದಂತೆ.

ಹಬ್ಬಕ್ಕೆಂದು ಶಾಮಿಯಾನ ಹಾಕಿಸಿ ಮೊಬೈಲ್ ಟೂರ್ನಮೆಂಟ್ ಇಡುವ ಹುಡುಗರು ಈಗ ನಮ್ಮೂರುಗಳಲ್ಲೂ ಇದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಬಂದವರೇ ನಲವತ್ತು ಜನವಾದರೆ ಅವರನ್ನು ಆರು ಭಾಗ ಮಾಡಬೇಡಿ, ಒಟ್ಟಿಗೇ ಆಡಿಸಿ. ಒಂದೇ ಆಟದಿಂದ ಎರಡು ಪಟ್ಟಿ ಬರೆಯಿರಿ, ತಂಡದ್ದೊಂದು, ಒಬ್ಬೊಬ್ಬರದೊಂದು. ಫ್ಲೆಕ್ಸ್ ಬ್ಯಾನರಿನಲ್ಲಿ ಗೆದ್ದವರ ಫೋಟೋ ಹಾಕುವಾಗ ಯಾವ ಮೋಡ್, ಎಷ್ಟು ಪಂದ್ಯ, ಜೊತೆಯಲ್ಲಿ ಆಡಿದವರು ಯಾರು ಎಂಬುದನ್ನೂ ಹಾಕಿಸಿ. ಆ ಮೂವರ ಹೆಸರಿಗೂ ಜಾಗ ಬಿಡಿ.